ಗೌಂಡಿಯನ್ನು ಕೇಳಿದ ಶನಿವಾರ

ಔಷಧವನ್ನು ಅರೆದು ಮಾಡುವ ಕಾಲ ಹೋಗಿ ಬರೆದು ಮಾಡುವ ಕಾಲ ಬಂದು ಹನ್ನೆರಡು ವರ್ಷಗಳಾಗಿದ್ದವು. ಯಾವ ಮಾತ್ರೆಗೂ ಬಗ್ಗದ ರೋಗಾಣು ಸಿಕ್ಕರೆ ಅದನ್ನೇ ಹುಡುಕಿಕೊಂಡು ಹೋಗಿ ಕೊಲ್ಲುವ ವೈರಸ್ ಒಂದನ್ನು ಬರೆಯುತ್ತಿದ್ದರು. ಅದಕ್ಕೆ ಫೇಜ್ ಎಂದು ಹೆಸರು. ಅದು ಮನುಷ್ಯರ ಗೊಡವೆಗೆ ಬರುವುದಿಲ್ಲ. ತನಗೆ ಹೇಳಿದ ರೋಗಾಣುವಿನ ಮೈಗೆ ಕಚ್ಚಿಕೊಂಡು, ಒಳಗೆ ಹೊಕ್ಕು, ಒಂದು ನೂರಾಗಿ ಅದನ್ನು ಒಡೆದು ಹೊರಗೆ ಬರುತ್ತದೆ. ಆ ನೂರೂ ಇನ್ನೊಂದು ರೋಗಾಣುವಿನ ಬೆನ್ನು ಹತ್ತುತ್ತವೆ.

ಕಲಬುರಗಿಯ ಫೇಜ್ ಘಟಕದಲ್ಲಿ ಈ ಕೆಲಸಕ್ಕೆ ಎರಡು ಸಲಕರಣೆಗಳಿದ್ದವು. ಒಂದು, ಬರೆಯುವ ಎಡಿಟರ್. ನಲವತ್ತು ಸಾವಿರ ಅಕ್ಷರಗಳ ಜೀನ್ ಪಾಠವನ್ನು ಪರದೆಯ ಮೇಲೆ ತಿದ್ದಿ, ತುಣುಕು ತುಣುಕಾಗಿ ವಿಂಗಡಿಸುವುದು ಅದರಲ್ಲಿ. ಇನ್ನೊಂದು, ಕಟ್ಟುವ ಬಿಲ್ಡರ್. ಬರೆದದ್ದನ್ನು ಓದಿ, ತುಣುಕುಗಳನ್ನು ಒಂದಕ್ಕೊಂದು ಬೆಸೆದು, ಇಪ್ಪತ್ತು ಗಂಟೆಗಳಲ್ಲಿ ಒಂದು ಸೀಸೆ ಜೀವಂತ ಫೇಜ್ ಕೊಡುವುದು ಅದು. ಆಳೆತ್ತರದ ಆ ಹಳೆಯ ಯಂತ್ರವನ್ನು ಘಟಕದವರೆಲ್ಲ ಗೌಂಡಿ ಎಂದೇ ಕರೆಯುತ್ತಿದ್ದರು. ಇಟ್ಟಿಗೆ ಮೇಲೆ ಇಟ್ಟಿಗೆ ಇಡುವವನ ಹಾಗೆ ಅದು ನಿಧಾನ, ಮೊಂಡು, ಆದರೆ ನಂಬಿಗಸ್ತ. ಎಂಟು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಮಹಾನಂದಾ.

ಮೂರು ವಾರಗಳ ಹಿಂದೆ ಕೇಂದ್ರ ಕಚೇರಿಯವರು ಎಲ್ಲ ಘಟಕಗಳ ಎಡಿಟರನ್ನೂ ಒಂದೇ ದಿನ ಬದಲಿಸಿದ್ದರು. ಹೊಸ ಎಡಿಟರ್ ಚೆಂದವಿತ್ತು. ಬರೆಯುತ್ತ ಹೋದಂತೆ ತಾನೇ ಪರೀಕ್ಷಿಸಿ, ಸರಿಯಿದ್ದರೆ ಸಾಲಿನ ಪಕ್ಕದಲ್ಲಿ ಹಸಿರು ಚುಕ್ಕೆ ಇಡುತ್ತಿತ್ತು. ಆ ಮೂರು ವಾರಗಳಲ್ಲಿ ಘಟಕದವರು ಹಳೆಯ ಪಾಠಗಳನ್ನೇ ಮತ್ತೆ ಕಟ್ಟಿಕೊಂಡಿದ್ದರೇ ಹೊರತು ಹೊಸದಾಗಿ ಏನನ್ನೂ ಬರೆದಿರಲಿಲ್ಲ. ಹೊಸ ಎಡಿಟರಿನಲ್ಲಿ ಬರೆದ ಮೊದಲ ಪಾಠ ಭೀಮಾಬಾಯಿಯ ಕಾಲಿಗಾಗಿ ಬರೆದದ್ದು.

ಭೀಮಾಬಾಯಿ ಮಹಾನಂದಾಳ ಅಕ್ಕ. ಐವತ್ತೆರಡು ವರ್ಷ. ಇಪ್ಪತ್ತನಾಲ್ಕು ವರ್ಷಗಳಿಂದ ಬಸ್ ಓಡಿಸುತ್ತಿದ್ದಳು. ಡೀಸೆಲ್ ಬಸ್ಸಿನ ಕೊನೆಯ ಕಾಲವನ್ನೂ ಕಂಡವಳು, ತಾನೇ ಓಡುವ ಬಸ್ಸು ಬಂದ ಮೇಲೂ 'ಹಳ್ಳಿ ದಾರಿಗೆ ಮನುಷ್ಯರೇ ಬೇಕು' ಎಂದು ಡಿಪೋದವರು ಉಳಿಸಿಕೊಂಡ ಕೆಲವೇ ಚಾಲಕರಲ್ಲಿ ಒಬ್ಬಳು. ಹತ್ತು ದಿನಗಳ ಹಿಂದೆ ಡಿಪೋದಲ್ಲಿ ಕಬ್ಬಿಣದ ತಗಡೊಂದು ಬಲಪಾದದ ಮೇಲೆ ಬಿದ್ದಿತ್ತು. ಗಾಯ ಸಣ್ಣದು. ಒಳಗೆ ಸೇರಿಕೊಂಡ ರೋಗಾಣು ಸಣ್ಣದಾಗಿರಲಿಲ್ಲ. ಹನ್ನೊಂದು ಔಷಧಗಳನ್ನು ಹಾಕಿ ನೋಡಿದರು; ಹನ್ನೊಂದನ್ನೂ ಅದು ತಿಂದು ತೇಗಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮಹಾನಂದಾ ಪಾಠ ಮುಗಿಸಿದಳು. ಎಡಿಟರಿನ ಪರದೆಯ ಉದ್ದಕ್ಕೂ ಹಸಿರು ಚುಕ್ಕೆ. ಅದನ್ನು ಗೌಂಡಿಗೆ ಕಳಿಸಿ, ಕಟ್ಟು ಎಂಬ ಗುಂಡಿ ಒತ್ತಿದಳು. ಗೌಂಡಿ ಹತ್ತು ಸೆಕೆಂಡು ಗುರುಗುಟ್ಟಿ ನಿಂತಿತು. ಅದರ ಸಣ್ಣ ಪರದೆಯ ಮೇಲೆ ಕೆಂಪು ಸಾಲುಗಳು ಒಂದರ ಹಿಂದೊಂದು ಬಂದವು. ಜೋಡಣೆ ಒಂದು ಹೊಂದಿಲ್ಲ. ಜೋಡಣೆ ಎರಡು ಹೊಂದಿಲ್ಲ. ಹೀಗೆ ನಲವತ್ತೊಂದರವರೆಗೆ.

ಬಳೆಯಂತೆ ಸುತ್ತಿ ಕೂಡುವ ಆ ಪಾಠದಲ್ಲಿದ್ದ ತುಣುಕುಗಳೂ ನಲವತ್ತೊಂದೇ. ಅಂದರೆ ಒಂದು ತುಣುಕೂ ಪಕ್ಕದ್ದಕ್ಕೆ ಕೂಡುವುದಿಲ್ಲ ಎನ್ನುತ್ತಿತ್ತು ಗೌಂಡಿ. ಎಲ್ಲವೂ ಕೂಡುತ್ತವೆ ಎನ್ನುತ್ತಿತ್ತು ಎಡಿಟರ್.

ಎರಡನ್ನೂ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಮತ್ತೆ ಅದೇ ನಲವತ್ತೊಂದು.

* * *

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಅಫ್ರೋಜ್ ಜಮಾದಾರ ಅಕ್ಕನ ಕಾಲಿನ ಪಟ್ಟಿ ಬಿಚ್ಚಿ ನೋಡುತ್ತಿದ್ದರು. ಕಿರುಬೆರಳಿನ ಕಡೆ ಕಪ್ಪಾಗಿತ್ತು; ಅಲ್ಲಿಂದ ಕೆಂಪು ಬಾವು ಪಾದದ ಮೇಲಕ್ಕೆ ಬಂದಿತ್ತು. ಡಾಕ್ಟರು ಪೆನ್ನಿನಿಂದ ಅದರ ಅಂಚಿಗೆ ಗೆರೆ ಎಳೆದು ಗಂಟೆ ಬರೆದರು. ಬೆಳಿಗ್ಗೆ ಎಳೆದ ಗೆರೆ ಅರ್ಧ ಬೆರಳಿನಷ್ಟು ಹಿಂದೆ ಉಳಿದಿತ್ತು.

"ನಿಮಗ ಸುಳ್ಳು ಹೇಳಂಗಿಲ್ಲ ಭೀಮಾಬಾಯಿ," ಅಂದರು ಡಾಕ್ಟರು. "ಈ ಓಟ ನೋಡಿದ್ರ ರವಿವಾರ ಸಂಜಿ ಐದಕ್ಕ ಪಾದ ತೆಗಿಬೇಕಾಗ್ತದ. ಅದಕ್ಕಿಂತ ಮುಂದ ಹಾಕಿದ್ರ ನಂಜು ರಕ್ತಕ್ಕ ಏರ್ತದ. ಅಷ್ಟರೊಳಗ ನಿಮ್ಮ ತಂಗಿ ಫೇಜ್ ತಂದು ಕೊಟ್ರ ನಾ ಕತ್ತರಿ ಮುಟ್ಟಂಗಿಲ್ಲ."

ಭೀಮಾಬಾಯಿ ತಂಗಿಯ ಮುಖ ನೋಡಿದಳು. "ಯಾಕ ನಂದಾ, ಮಾರಿ ಇಷ್ಟ್ ಸಣ್ಣ ಮಾಡಿದಿ? ಕಾಲು ನಂದು ಹೊಂಟದ, ನಿಂದಲ್ಲ."

"ಯಂತ್ರ ಹಟ ಮಾಡ್ಲಕತ್ತದ ಅಕ್ಕ."

"ಹಟ ಮಾಡೋ ಗಾಡಿನ ಒದ್ದು ಚಾಲೂ ಮಾಡಬಾರದು. ಏನಂತದ ಅಂತ ಕೇಳಬೇಕು. ಬ್ರೇಕ್ ಒಳಗ ಒಂದು ಕುಂಯ್ ಅನ್ನೋ ಸಪ್ಪಳ ಬಂದ್ರ ನಾ ಘಾಟ ಇಳಿಯಂಗೇ ಇಲ್ಲ." ಮಾತು ಮುಗಿಸಿ ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಬ್ರೇಕ್ ತುಳಿಯುವುದು ಬಲಗಾಲು.

ಘಟಕಕ್ಕೆ ಹಿಂತಿರುಗುವ ದಾರಿಯಲ್ಲಿ ಮಹಾನಂದಾ ಲೆಕ್ಕ ಹಾಕಿದಳು. ಕಟ್ಟಲು ಇಪ್ಪತ್ತು ಗಂಟೆ. ಕಟ್ಟಿದ್ದು ಕೊಲ್ಲುತ್ತದೋ ಇಲ್ಲವೋ ಎಂದು ಗಾಜಿನ ತಟ್ಟೆಯಲ್ಲಿ ನೋಡಲು ಎಂಟು ಗಂಟೆ. ಆಸ್ಪತ್ರೆಗೆ ಒಯ್ದು ಕೊಡಲು ಒಂದು ಗಂಟೆ. ಗೌಂಡಿ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಕೆಲಸ ಶುರು ಮಾಡಲೇಬೇಕು.

ಕೇಂದ್ರ ಕಚೇರಿಯಲ್ಲಿ ಎಡಿಟರ್ ವಿಭಾಗದ ಪ್ರಣೀತ್ ಎಂಬ ಎಂಜಿನಿಯರ್ ಪರದೆಯ ಮೇಲೆ ಸಿಕ್ಕ. ಮೈಸೂರಿನ ಕಡೆಯವನು, ವಿನಯವಂತ.

"ಮೇಡಂ, ಎಡಿಟರ್ ಸರಿಯಾಗೇ ಇದೆ. ಹೊಸ ಬಿಲ್ಡರ್ ಇರೋ ಕಡೆ ಎಲ್ಲಾ ಒಂದು ದೂರೂ ಬಂದಿಲ್ಲ. ನಿಮ್ಮದು ಹಳೇ ಬಿಲ್ಡರ್, ಅದಕ್ಕೇ ತಕರಾರು."

"ಹೊಸಾ ಬಿಲ್ಡರ್ ಎಲ್ಲೆಲ್ಲಿ ಅವ?"

"ಮೂರು ಕಡೆ ಇದೆ. ಆದ್ರೆ ನಿಮ್ಮ ಸರದಿಗೆ ಒಂಬತ್ತು ದಿನ ಕಾಯಬೇಕು."

"ಹಳೇ ಎಡಿಟರ್ ಮತ್ತ ಹಾಕಿ ಕೊಡ್ರಿ ಹಂಗಾರ."

"ಹೊಸದ್ರಲ್ಲಿ ಬರೆದಿದ್ದು ಹಳೇದ್ರಲ್ಲಿ ತೆರೆಯಲ್ಲ ಮೇಡಂ." ಅವನು ಕೈಪಿಡಿಯೊಂದನ್ನು ತಿರುವಿ ನೋಡಿ, "ಒಂದು ದಾರಿ ಇದೆ," ಅಂದ. "ನಿಮ್ಮ ಬಿಲ್ಡರ್‌ನಲ್ಲಿ ತಪಾಸಣೆ ಮಾಡೋ ಹಂತಾನೇ ಬಿಟ್ಟುಬಿಡಬಹುದು. ನೇರವಾಗಿ ಕಟ್ಟೋಕೆ ಶುರು ಮಾಡುತ್ತೆ. ಎಡಿಟರ್ ಎಲ್ಲಾ ಹಸಿರು ತೋರಿಸ್ತಿದೆ ಅಂದ್ಮೇಲೆ ಪಾಠ ಸರೀನೇ ಇರುತ್ತೆ."

ಆ ಮಾತು ಮಹಾನಂದಾಳನ್ನು ಎಳೆಯಿತು. ಒಂದು ಕೀಲಿ ತಿರುಗಿಸಿದರೆ ಮುಗಿಯಿತು. ಗೌಂಡಿ ಈಗಲೇ ಕಟ್ಟತೊಡಗುತ್ತದೆ. ಆದರೆ ಸಾಮಗ್ರಿ ಇದ್ದದ್ದು ಒಂದೇ ಸಲ ಕಟ್ಟುವಷ್ಟು. ನಲವತ್ತೊಂದು ಸಲ ಬೇಡ ಎಂದ ಯಂತ್ರದ ಬಾಯಿ ಕಟ್ಟಿ ಕೆಲಸ ಮಾಡಿಸಿದರೆ ಸೀಸೆಯಲ್ಲಿ ಬರುವುದು ಏನೆಂದು ಯಾರು ಬಲ್ಲರು?

"ಬ್ಯಾಡ್ರಿ," ಅಂದಳು. "ಎಂಟು ವರ್ಷದಾಗ ಇದು ಒಮ್ಮೆನೂ ಸುಮ್ ಸುಮ್ನ ಬ್ಯಾಡ ಅಂದಿಲ್ಲ."

ಸಂಜೆಯವರೆಗೆ ಅವಳು ಪಾಠವನ್ನು ಕೈಯಿಂದ ತಿದ್ದಿ ತಿದ್ದಿ ನೋಡಿದಳು. ಗೌಂಡಿ ಒಂದು ಜೋಡಣೆಗೆ ಒಪ್ಪುವ ಹಾಗೆ ಮಾಡಿದರೆ ಎಡಿಟರ್ ಅಲ್ಲಿ ಕೆಂಪು ತೋರಿಸಿ, ತಾನೇ ಅದನ್ನು ಮೊದಲಿನಂತೆ ತಿದ್ದಿಬಿಡುತ್ತಿತ್ತು. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ತಪ್ಪು. ಕೊನೆಗೆ ನಲವತ್ತೊಂದು ಜೋಡಣೆಗಳ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಸುರುಳಿ ಸುತ್ತಿ ಮನೆಗೆ ಒಯ್ದಳು.

* * *

ಶನಿವಾರ ಬೆಳಗ್ಗೆ ಆರಕ್ಕೆ ಎದ್ದು, ಅಡುಗೆಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಆ ಕಾಗದ ಹಾಸಿಕೊಂಡು ಕೂತಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಪ್ರತಿ ಜೋಡಣೆಯಲ್ಲೂ ಎಡಿಟರ್ ಎಲ್ಲಿ ತುಂಡು ಮಾಡಿದೆ, ಗೌಂಡಿ ಎಲ್ಲಿ ಹುಡುಕುತ್ತಿದೆ ಎಂದು ಪೆನ್ಸಿಲ್ ಹಿಡಿದು ಅಕ್ಷರ ಎಣಿಸಿ ಗುರುತು ಹಾಕತೊಡಗಿದಳು.

ಅವಳ ಗಂಡ ಚನ್ನವೀರ ಸೂಪರ್ ಮಾರ್ಕೆಟ್ ಹತ್ತಿರ ಟೇಲರ್ ಅಂಗಡಿ ಇಟ್ಟುಕೊಂಡವನು. ಅಳತೆ ತೆಗೆದು ಬಟ್ಟೆ ಕೊಡುವ ಯಂತ್ರಗಳು ಊರ ತುಂಬ ಬಂದರೂ ಕುಪ್ಪಸ ಹೊಲಿಸಲು ಹೆಂಗಸರು ಇನ್ನೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ಚಹಾ ಸೋಸಿ ಒಂದು ಕಪ್ಪು ಅವಳ ಮುಂದಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಎಷ್ಟು ತಪ್ಯಾವ?"

"ನಲವತ್ತೊಂದು. ಹನ್ನೆರಡು ನೋಡಿ ಮುಗಿಸೀನಿ."

"ಒಂದೊಂದೂ ಎಷ್ಟೆಷ್ಟು ತಪ್ಯಾವ ಅಂತ ಕೇಳಿದೆ."

ಮಹಾನಂದಾ ತಾನು ಹಾಕಿದ ಗುರುತುಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಒಂದು. ಒಂದು. ಒಂದು. ಹನ್ನೆರಡು ಜೋಡಣೆಯಲ್ಲೂ ಒಂದೇ ಒಂದು ಅಕ್ಷರ ಹೆಚ್ಚು.

"ಎಲ್ಲಾ ಒಂದೇ ಸಮ," ಅಂದಳು.

ಚನ್ನವೀರ ತಲೆಯಾಡಿಸಿದ. "ಹಂಗಾರ ಅದು ಕೈ ತಪ್ಪಲ್ಲ, ಟೇಪಿನ ತಪ್ಪು. ನನ್ನ ಕಡಿ ಮಲ್ಲಪ್ಪ ಅಂತ ಒಬ್ಬ ಕಾರೀಗರ ಇದ್ದ. ಅವನ ಟೇಪಿನ ತುದಿ ಸವದು ಹೋಗಿತ್ತು, ಅದಕ್ಕ ಆಂವ ಒಂದನೇ ಇಂಚಿನಿಂದ ಹಿಡದು ಅಳೀತಿದ್ದ. ನಾ ತುದೀಲಿಂದ ಅಳೀತಿದ್ದೆ. ಆಂವ ಬರೆದಿಟ್ಟ ಅಳತಿ ನಾ ಕತ್ತರಿಸಿದ್ರ ಎಲ್ಲಾ ಕುಪ್ಪಸ ಒಂದಿಂಚು ದೊಡ್ಡವು. ಇಬ್ಬರ ಕೈನೂ ಸರಿ ಇತ್ತು. ಹಿಡಿಯೋ ತುದಿ ಬ್ಯಾರೆ ಇತ್ತು."

ಅವಳು ಅವನ ಮುಖವನ್ನೇ ನೋಡಿದಳು. ಹೊಸ ಎಡಿಟರ್ ಅಕ್ಷರಗಳನ್ನು ಸೊನ್ನೆಯಿಂದ ಎಣಿಸುತ್ತಿದ್ದರೆ? ಗೌಂಡಿಯಂತೂ ಒಂದರಿಂದಲೇ ಎಣಿಸುವುದು. ಅದು ಅವಳಿಗೆ ಗೊತ್ತಿತ್ತು. ತುಣುಕು ಶುರುವಾಗುವ ಜಾಗವನ್ನು ಎಡಿಟರ್ ತನ್ನ ಎಣಿಕೆಯಲ್ಲಿ ಬರೆಯುತ್ತದೆ, ಗೌಂಡಿ ಅದನ್ನು ತನ್ನ ಎಣಿಕೆಯಲ್ಲಿ ಓದುತ್ತದೆ. ಪ್ರತಿ ತುಣುಕೂ ಒಂದಕ್ಷರ ಹಿಂದಿನಿಂದ ಶುರುವಾಗುತ್ತದೆ. ಜೀನ್ ಪಾಠದಲ್ಲಿ ಮೂರು ಮೂರು ಅಕ್ಷರಕ್ಕೆ ಒಂದು ಅರ್ಥ. ಒಂದಕ್ಷರ ಹೆಚ್ಚಾದರೆ ಅಲ್ಲಿಂದ ಮುಂದಿನ ಮಾತೆಲ್ಲ ಕೆಟ್ಟಿತು. ನಿನ್ನೆ ಆ ಕೀಲಿ ತಿರುಗಿಸಿದ್ದರೆ ಸೀಸೆಯಲ್ಲಿ ಬರುತ್ತಿದ್ದದ್ದು ಔಷಧವಲ್ಲ, ಬರೀ ಗಂಜಿ.

ಚಹಾ ಹಾಗೇ ಬಿಟ್ಟು ಎದ್ದಳು.

"ಒಂದು ರೊಟ್ಟಿಯರೆ ತಿಂದು ಹೋಗು," ಅಂದ ಚನ್ನವೀರ.

"ಕಟ್ಟಿ ಕೊಡ್ರಿ," ಅನ್ನುವಷ್ಟರಲ್ಲಿ ಅವಳು ಚಪ್ಪಲಿ ಹಾಕಿಕೊಂಡಾಗಿತ್ತು.

* * *

ಏಳೂವರೆಗೆ ಪ್ರಣೀತನನ್ನು ಎಬ್ಬಿಸಿದಳು. ಕೂದಲು ಕೆದರಿಕೊಂಡೇ ಅವನು ಪರದೆಯ ಮೇಲೆ ಬಂದ. ಅವಳ ಮಾತು ಕೇಳುತ್ತ ಕೇಳುತ್ತ ಅವನ ನಿದ್ದೆ ಹಾರಿಹೋಯಿತು.

"ಹೌದು ಮೇಡಂ. ಹೊಸ ಬಿಲ್ಡರ್ ಸೊನ್ನೆಯಿಂದ ಎಣಿಸುತ್ತೆ ಅಂತ ನಾವು ಎಡಿಟರ್‌ನೂ ಬದಲಾಯಿಸಿದ್ವಿ. ಹಳೇ ಬಿಲ್ಡರ್ ಒಂದರಿಂದ ಎಣಿಸುತ್ತೆ ಅನ್ನೋದು ಯಾರಿಗೂ ಹೊಳೀಲಿಲ್ಲ. ಹೇಳೋಕೆ ನಾಚಿಕೆ ಆಗುತ್ತೆ."

"ನಾಚಿಕೆ ಆಮ್ಯಾಲ ಪಡ್ರಿ. ಒಂದು ಕೂಡಿಸಿ ಬರೆದ್ರ ನಿಮ್ಮ ಎಡಿಟರ್ ಮತ್ತ ತಿದ್ದಿ ಹಾಕ್ತದ. ಅದಕ್ಕ ತನ್ನದೇ ಒಂದು ನಿಯಮದ ಪುಸ್ತಕ ಅದ. ಗೌಂಡಿಗೆ ತನ್ನದೇ ಇನ್ನೊಂದು. ಎರಡೂ ತಮ್ಮ ತಮ್ಮ ಪುಸ್ತಕ ಓದ್ಲಕತ್ತಾವ. ಒಂದಕ್ಕೊಂದು ಮಾತಾಡ್ಲಕತ್ತಿಲ್ಲ."

ಪ್ರಣೀತ್ ಮುಂದಕ್ಕೆ ಬಾಗಿದ. "ನಿಮ್ಮ ಬಿಲ್ಡರ್ ಕಟ್ಟದೇನೇ ಬರೀ ನೋಡಿ ಹೇಳುತ್ತಾ? ಅಂಥದ್ದೊಂದು ಆಜ್ಞೆ ಇದ್ಯಾ?"

ಇತ್ತು. ಗೌಂಡಿಯ ಬೆನ್ನಿನಲ್ಲಿ, ದುರಸ್ತಿಯವರಿಗೆಂದು ಬಿಟ್ಟ ಒಂದು ಕಿಂಡಿಯಿತ್ತು. ಅಲ್ಲಿ ತಂತಿ ಸಿಕ್ಕಿಸಿ ಪಾಠ ಕೊಟ್ಟರೆ ಅದು ಸಾಮಗ್ರಿ ಮುಟ್ಟದೆ, ಬರೀ ಓದಿ, ಸರಿ ತಪ್ಪು ಹೇಳುತ್ತಿತ್ತು. ಮಹಾನಂದಾ ಅದನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಬಳಸುತ್ತಿದ್ದಳು.

"ಹಾಗಾದ್ರೆ ಎಡಿಟರ್ ತನ್ನ ಪುಸ್ತಕ ಮುಚ್ಚಿಟ್ಟು ಪ್ರತಿ ಸಾಲಿಗೂ ಬಿಲ್ಡರ್‌ನೇ ಕೇಳೋ ಹಾಗೆ ಮಾಡೋಣ. ನಡುವೆ ಒಂದು ದುಭಾಷಿ ಬರೀಬೇಕು ಅಷ್ಟೇ. ಎಡಿಟರ್ ಕಡೆ ಬಾಗಿಲು ನಾನು ತೆಗೀತೀನಿ. ಬಿಲ್ಡರ್ ಕಡೆ ಮಾತು ನಿಮಗೆ ಗೊತ್ತು."

ನಂತರದ ಮೂರು ಗಂಟೆಗಳನ್ನು ಮಹಾನಂದಾ ಮುಂದೆ ಎಷ್ಟೋ ಸಲ ನೆನೆಸಿಕೊಂಡಳು. ಹೊರಗೆ ಬಿಸಿಲು ಏರುತ್ತಿತ್ತು. ಗೌಂಡಿಯ ಹಿಂದೆ ನೆಲದ ಮೇಲೆ ಕೂತು, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಅವಳು ಬರೆದಳು. ಐನೂರು ಕಿಲೋಮೀಟರ್ ಆಚೆ ಪ್ರಣೀತ್ ಬರೆದ. ಒಬ್ಬರು ತಡವರಿಸಿದಲ್ಲಿ ಇನ್ನೊಬ್ಬರು ಸಾಲು ಮುಗಿಸುತ್ತಿದ್ದರು. ಒಟ್ಟು ಎಪ್ಪತ್ತು ಸಾಲಿನ ಸಣ್ಣ ಪ್ರೋಗ್ರಾಂ. ಎಡಿಟರ್ ಕೇಳಿದ್ದನ್ನು ಗೌಂಡಿಯ ಎಣಿಕೆಗೆ ತಿರುಗಿಸಿ ಹೇಳುವುದು, ಗೌಂಡಿ ಅಂದದ್ದನ್ನು ಎಡಿಟರಿನ ಎಣಿಕೆಗೆ ತಿರುಗಿಸಿ ತರುವುದು. ನಡುವೆ ಚನ್ನವೀರ ಬಂದು ರೊಟ್ಟಿ ಗಂಟು ಇಟ್ಟುಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ತಂತಿ ಸಿಕ್ಕಿಸಿದರು.

ಎಡಿಟರಿನ ಪರದೆಯ ಮೇಲಿದ್ದ ಹಸಿರು ಚುಕ್ಕೆಗಳೆಲ್ಲ ಒಮ್ಮೆಗೇ ಆರಿದವು. ಗೌಂಡಿ ಒಳಗೇ ಸಣ್ಣಗೆ ಗುರುಗುಟ್ಟಿತು. ಆಮೇಲೆ ಮೇಲಿನಿಂದ ಒಂದೊಂದೇ ಚುಕ್ಕೆ ಹೊತ್ತಿಕೊಳ್ಳತೊಡಗಿತು. ಈ ಸಲ ಹಸಿರು ಕೊಡುತ್ತಿದ್ದದ್ದು ಎಡಿಟರಲ್ಲ, ಗೌಂಡಿ. ಹತ್ತು, ಹದಿನೈದು, ಇಪ್ಪತ್ತು. ಪ್ರಣೀತ್ ಅಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದ. ಇಪ್ಪತ್ತೆಂಟು.

ಇಪ್ಪತ್ತೊಂಬತ್ತನೆಯದು ಕೆಂಪು.

ಉಳಿದವೆಲ್ಲ ಮತ್ತೆ ಹಸಿರಾಗಿ ನಲವತ್ತೊಂದಕ್ಕೆ ನಿಂತವು. ನಡುವೆ ಅದೊಂದು ಕೆಂಪು ಉಳಿಯಿತು.

"ದುಭಾಷಿಯಲ್ಲಿ ಏನಾದ್ರೂ ತಪ್ಪಿದ್ಯಾ?" ಅಂದ ಪ್ರಣೀತ್. "ಇಲ್ಲ, ನಮ್ಮ ಎಡಿಟರ್‌ದೇ ಇನ್ನೊಂದು ಎಡವಟ್ಟಿರಬೇಕು."

ಮಹಾನಂದಾಳಿಗೆ ಗಂಡನ ಮಾತು ನೆನಪಾಯಿತು. ಎಲ್ಲ ಒಂದೇ ಸಮ ತಪ್ಪಿದ್ದರೆ ಟೇಪಿನ ತಪ್ಪು. ಇದು ಒಂದೇ ಒಂದು. ಅವಳು ಇಪ್ಪತ್ತೊಂಬತ್ತನೆಯ ತುಣುಕು ತೆರೆದು, ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ಓದುತ್ತ ಹೋದಳು. ಮುನ್ನೂರ ಹನ್ನೊಂದನೆಯ ಅಕ್ಷರದಲ್ಲಿ ಬೆರಳು ನಿಂತಿತು. ಅಲ್ಲಿ ಒಂದು ಅಕ್ಷರ ಇರಲಿಲ್ಲ.

ಆ ತುಣುಕನ್ನು ಅವಳು ಗುರುವಾರ ಮಧ್ಯಾಹ್ನ ಕೈಯಾರೆ ತಿದ್ದಿದ್ದಳು. ತಿದ್ದುತ್ತಿರುವಾಗಲೇ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಅಕ್ಕನ ಹನ್ನೊಂದನೆಯ ಔಷಧವೂ ನಾಟಲಿಲ್ಲವೆಂದು. ಫೋನ್ ಇಟ್ಟು ಬಂದು, ಕಣ್ಣೊರೆಸಿಕೊಂಡು, ಮುಂದಿನ ಸಾಲಿಗೆ ಹೋಗಿದ್ದಳು. ಬೆರಳು ತಾಗಿ ಅಕ್ಷರ ಅಳಿಸಿಹೋದದ್ದು ಗೊತ್ತಾಗಿರಲಿಲ್ಲ. ರೋಗಾಣುವಿನ ಗೋಡೆ ಒಡೆಯುವ ಜೀನ್ ಇದ್ದದ್ದು ಅದೇ ತುಣುಕಿನಲ್ಲಿ. ಅದು ಕೆಟ್ಟರೆ ಫೇಜ್ ಒಳಹೊಕ್ಕು ಅಲ್ಲೇ ಬೀಡುಬಿಡುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಒಂದೊಂದು ಜೀನೂ ಸರಿಯಾಗಿ ಮುಗಿದಿದೆಯೇ ಎಂದು ನೋಡುವ ಕೆಲಸವನ್ನು ಹೊಸ ಎಡಿಟರ್ ಹೊಸ ಬಿಲ್ಡರಿಗೆ ಬಿಟ್ಟಿತ್ತು. ಹಳೆಯ ಗೌಂಡಿ ಮಾತ್ರ ತನ್ನ ಅಭ್ಯಾಸದಂತೆ ನೋಡಿತ್ತು.

ಎರಡು ದಿನ ಎಡಿಟರನ್ನು ಬೈದಿದ್ದಳು.

"ಇದು ನಂದು," ಅಂದಳು. "ನನ್ನ ಕೈ ತಪ್ಪು."

ಪ್ರಣೀತ್ ಏನೋ ಸಮಾಧಾನ ಹೇಳಲು ಹೋದ. ಅವಳು ಆಗಲೇ ಬಿಟ್ಟುಹೋದ ಅಕ್ಷರವನ್ನು ಒತ್ತಿದ್ದಳು. ಗೌಂಡಿ ಗುರುಗುಟ್ಟಿತು. ಕೆಂಪು ಆರಿ ಹಸಿರು ಹೊತ್ತಿತು.

ಕಟ್ಟುವ ಗುಂಡಿ ಒತ್ತಿದಾಗ ಹನ್ನೊಂದು ನಲವತ್ತು. ಗೌಂಡಿಯೊಳಗೆ ಮೊದಲ ಪಂಪು ತಿರುಗಿ, ಗಾಜಿನ ನಳಿಗೆಯಲ್ಲಿ ಮೊದಲ ಹನಿ ಇಳಿಯಿತು. ಮಹಾನಂದಾ ರೊಟ್ಟಿ ಗಂಟು ಬಿಚ್ಚಿ, ಯಂತ್ರದ ಮುಂದೆಯೇ ಕೂತು ನಾಲ್ಕೂ ರೊಟ್ಟಿ ತಿಂದಳು.

* * *

ರವಿವಾರ ಬೆಳಗ್ಗೆ ಎಂಟಕ್ಕೆ ಸೀಸೆ ಕೈಗೆ ಬಂತು. ನೀರಿನ ಹಾಗೆ ತಿಳಿ. ಅಕ್ಕನ ಗಾಯದಿಂದ ತೆಗೆದ ರೋಗಾಣುವನ್ನು ತಟ್ಟೆಯ ತುಂಬ ಮೊಸರಿನ ಕೆನೆಯಂತೆ ಬೆಳೆಸಿಟ್ಟಿದ್ದಳು. ಅದರ ಮೇಲೆ ಆರು ಹನಿ ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು.

ಮಧ್ಯಾಹ್ನ ಡಾಕ್ಟರ್ ಅಫ್ರೋಜ್ ತಾವೇ ಘಟಕಕ್ಕೆ ಬಂದರು. ಕೆಂಪು ಬಾವು ಹಿಮ್ಮಡಿಯ ಹತ್ತಿರ ಬಂದಿದೆ ಎಂದರು; ಶಸ್ತ್ರಕ್ರಿಯೆಯ ಕೋಣೆ ಐದಕ್ಕೆ ಸಜ್ಜಾಗಿದೆ ಎಂದರು. ಮೂರೂವರೆಗೆ ಮಹಾನಂದಾ ತಡೆಯಲಾರದೆ ಪೆಟ್ಟಿಗೆ ತೆರೆದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಬಿಳಿ ಕೆನೆಯಲ್ಲಿ ಆರು ತೂತುಗಳಿದ್ದವು. ದುಂಡಗೆ, ಸ್ವಚ್ಛವಾಗಿ, ರುಪಾಯಿ ಬಿಲ್ಲೆಯಷ್ಟು ದೊಡ್ಡವು. ಅವುಗಳೊಳಗಿಂದ ಕಿಟಕಿಯಾಚೆಯ ಬೇವಿನ ಮರ ಎಲೆ ಎಲೆಯಾಗಿ ಕಾಣುತ್ತಿತ್ತು.

ಡಾಕ್ಟರು ತಟ್ಟೆಯನ್ನು ಇಸಿದುಕೊಂಡು ತಾವೂ ನೋಡಿದರು. ಸೀಸೆ ಎತ್ತಿ ಎದೆಗವಚಿಕೊಂಡು ಮೆಟ್ಟಿಲ ಕಡೆ ನಡೆದರು. ಮೂರನೆಯ ಮೆಟ್ಟಿಲಿನಿಂದ ಓಡತೊಡಗಿದರು. ಮಹಾನಂದಾ ಹಿಂದೆ ಓಡಿದಳು.

ಫೇಜ್ ಕೊಟ್ಟ ಮೊದಲ ದಿನ ಗೆರೆ ನಿಂತಿತು. ಎರಡನೆಯ ದಿನವೂ ಅಲ್ಲೇ ಇತ್ತು. ಮೂರನೆಯ ದಿನ ಡಾಕ್ಟರು ಹೊಸ ಗೆರೆ ಎಳೆದದ್ದು ಹಳೆಯ ಗೆರೆಯ ಈಚೆ, ಬೆರಳುಗಳ ಕಡೆಗೆ. ಎರಡು ಬೆರಳುಗಳನ್ನು ಉಳಿಸಲಾಗಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ್ದು. ಅವೆರಡನ್ನು ತೆಗೆದ ದಿನ ಭೀಮಾಬಾಯಿ ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮರುದಿನ ಎದ್ದವಳೇ ಬ್ರೇಕ್ ತುಳಿಯಲು ಹೆಬ್ಬೆರಳಿನ ಬುಡ ಸಾಕೇ ಎಂದು ಡಾಕ್ಟರನ್ನು ಕೇಳಿದಳು. ಸಾಕು, ಅಂದರು ಡಾಕ್ಟರು.

ಹದಿನೇಳನೆಯ ದಿನ ಅವಳನ್ನು ಮೊದಲ ಸಲ ಮಂಚದಿಂದ ಇಳಿಸಿದರು. ಒಂದು ಕಡೆ ಮಹಾನಂದಾ, ಇನ್ನೊಂದು ಕಡೆ ನರ್ಸು. ಎರಡು ಹೆಜ್ಜೆ ಇಟ್ಟು ಭೀಮಾಬಾಯಿ ನಿಂತಳು. ಬೆವರು ಕಿತ್ತುಕೊಂಡು ಬಂತು. ಆಗ ಹೊರಗಿನ ರಸ್ತೆಯಿಂದ ಬಸ್ಸೊಂದರ ಹಾರ್ನ್ ಕೇಳಿಸಿತು. ಒಂದೇ ಸಮನೆ, ಉದ್ದಕ್ಕೆ. ಅವಳು ಇಬ್ಬರ ಕೈಯನ್ನೂ ಕೊಡವಿದಳು. ಗೋಡೆ ಹಿಡಿಯದೆ, ಕುಂಟುತ್ತ, ಒಂಬತ್ತು ಹೆಜ್ಜೆ ನಡೆದು ಕಿಟಕಿ ಮುಟ್ಟಿ, ತಲೆ ಹೊರಗೆ ಹಾಕಿದಳು.

"ಏ ತಮ್ಮಾ," ಅಂತ ಕೆಳಗಿನ ಬಸ್ಸಿಗೆ ಕೂಗಿದಳು, "ದವಾಖಾನಿ ಮುಂದ ಹಾರ್ನ್ ಹೊಡಿಬಾರದು ಅಂತ ಯಾರೂ ಕಲಿಸಿಲ್ಲೇನು ನಿನಗ?"

ಕೆಳಗೆ ಚಾಲಕ ತಲೆ ಎತ್ತಿ ನೋಡಿ, ಗುರುತು ಹಿಡಿದು, ಎರಡೂ ಕೈ ಜೋಡಿಸಿದ.